ಊರಿನ ಭಜನಾ ಮಂಡಳಿಯವರು ವಿಡಿಯೊ ಕಾಲ್‌ನಲ್ಲಿ ಒಟ್ಟಿಗೆ ಪಾರಾಯಣ ಮಾಡಲು ಯಾವ ಆಪ್ ಒಳ್ಳೆಯದು?

ನಿಮ್ಮ ತಾಯಿ ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿದ್ದಾರೆ, ಮಳೆಗಾಲದಲ್ಲಿ ಒಬ್ಬರ ಮನೆಗೊಬ್ಬರು ಹೋಗಲಾಗದೆ ಅವರ ಮಂಡಳಿಯವರು ಫೋನಿನಲ್ಲೇ ಲಲಿತಾ ಸಹಸ್ರನಾಮ ಹೇಳಲು ಹೊರಟಿದ್ದಾರೆ, ಎಲ್ಲರೂ ಬಾಯಿ ತೆರೆದ ಕೂಡಲೇ ಬರೀ ಗದ್ದಲ ಎಂದು ಬರೆದಿದ್ದೀರಿ. ಹೊಸನಗರ ಕಡೆಯ ನಮ್ಮತ್ತೆಯವರ ಗುಂಪಿಗೆ ಲಾಕ್‌ಡೌನ್ ಕಾಲದಿಂದ ನಾನು ಶಿವಮೊಗ್ಗದಲ್ಲಿ ಕೂತು ಇದನ್ನೆಲ್ಲ ಹೊಂದಿಸಿಕೊಡುತ್ತಿದ್ದೇನೆ. ಯಾವ ಆಪ್ ಹಾಕಿದರೂ ಆ ಗದ್ದಲ ಹೋಗುವುದಿಲ್ಲ. ಬದಲಾಗಬೇಕಾದ್ದು ಹೇಳುವ ಕ್ರಮ.

ಒಂದು ಫೋನಿನಿಂದ ಹೊರಟ ದನಿ ಇನ್ನೊಂದಕ್ಕೆ ತಲುಪಲು ಸ್ವಲ್ಪ ತಡವಾಗುತ್ತದೆ. 150 ಮಿಲಿಸೆಕೆಂಡ್‌ವರೆಗೆ ತಡವಾದರೂ ಮಾತುಕತೆಗೆ ತೊಂದರೆಯಿಲ್ಲ. ಆದರೆ ಒಟ್ಟಿಗೆ ಹಾಡುವವರಿಗೆ 30 ಮಿಲಿಸೆಕೆಂಡ್ ದಾಟಿತೆಂದರೆ ತಾಳ ಜಾರತೊಡಗುತ್ತದೆ. ಗಮನಿಸಿ ನೋಡಿ, ನಿಮ್ಮ ತಾಯಿಯವರ ಗುಂಪು ಬರಬರುತ್ತ ನಿಧಾನವಾಗುತ್ತಿರುತ್ತದೆ. ಉಳಿದವರು ಹಿಂದೆ ಬಿದ್ದರು ಅಂದುಕೊಂಡು ಪ್ರತಿಯೊಬ್ಬರೂ ಕಾಯುತ್ತಾರೆ, ಆ ಕಾಯುವಿಕೆ ಇನ್ನೊಬ್ಬರಿಗೆ ಮತ್ತೂ ತಡವಾಗಿ ಕೇಳುತ್ತದೆ. ಸಾಲದ್ದಕ್ಕೆ ಈ ಆಪ್‌ಗಳನ್ನು ಮಾಡಿರುವುದು ಮೀಟಿಂಗಿಗೆ. ಒಬ್ಬರ ದನಿ ಹಿಡಿದು, ಉಳಿದದ್ದನ್ನು ತಗ್ಗಿಸುತ್ತವೆ. ಗಂಟೆ, ಶ್ರುತಿಪೆಟ್ಟಿಗೆ ಕೂಡ ಅವುಗಳ ಲೆಕ್ಕದಲ್ಲಿ ಗದ್ದಲವೇ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಸೆಟ್ಟಿಂಗ್ ಇದೆ, ಹೇಳಿಕೊಡುವವರ ಫೋನಿನಲ್ಲಿ ಅದನ್ನು ಹಾಕಿಡಿ. ಶ್ರುತಿ ಉಳಿಯುತ್ತದೆ.

‘ಒಬ್ಬರು ಹೇಳಲಿ, ಮಿಕ್ಕವರು ಮ್ಯೂಟ್ ಮಾಡಿಕೊಳ್ಳಲಿ’ ಎಂದು ನಿಮಗೆ ಎಲ್ಲರೂ ಹೇಳುತ್ತಾರೆ. ಆ ಮಾತು ನಿಜ, ಆದರೆ ಅಷ್ಟಕ್ಕೇ ಬಿಟ್ಟರೆ ಗುಂಪು ಒಡೆಯುತ್ತದೆ. ಮದುವೆಯಾಗಿ ಬಂದಾಗಿನಿಂದ ನಾಲ್ಕು ಜನರ ನಡುವೆ ಕೂತು ಹೇಳಿದವರು ಇವರು. ತನ್ನ ದನಿ ಯಾರಿಗೂ ಕೇಳುತ್ತಿಲ್ಲ ಎಂದಾದರೆ ಪಾರಾಯಣದಲ್ಲಿ ತಾನಿಲ್ಲ ಎಂದೇ ಅವರಿಗೆ ಅನಿಸುತ್ತದೆ. ‘ನಂದು ಕೇಳ್ತಾ ಇದ್ಯಾ?’ ಎಂದು ನಡುನಡುವೆ ಕೇಳುವುದು ಅದಕ್ಕೇ. ಕೆಲವು ವಾರ ಕಳೆದ ಮೇಲೆ ‘ಯೂಟ್ಯೂಬ್ ಹಾಕ್ಕೊಂಡು ಹೇಳ್ತೇನೆ ಬಿಡು’ ಎಂದು ಒಬ್ಬೊಬ್ಬರೇ ಬಿಡುತ್ತಾರೆ.

ಅದಕ್ಕೆ ಪಾಳಿ ಮಾಡಿ. ಶ್ಲೋಕಗಳನ್ನು ಹಂಚಿ, ಪಾಳಿ ಬಂದವರು ಗಟ್ಟಿಯಾಗಿ ಹೇಳಲಿ, ಉಳಿದವರು ತಮ್ಮ ಮನೆಯಲ್ಲಿ ಅವರ ಜೊತೆ ಬಾಯಿ ಸೇರಿಸಲಿ. ಸೌಂದರ್ಯಲಹರಿ ಇದಕ್ಕೆ ಹೇಳಿ ಮಾಡಿಸಿದ್ದು: 100 ಶ್ಲೋಕ, ಹತ್ತು ಜನ ಇದ್ದರೆ ತಲೆಗೆ ಹತ್ತು. ಅದರ ಛಂದಸ್ಸು ಶಿಖರಿಣಿ ವೃತ್ತ: ಸಾಲಿಗೆ 17 ಅಕ್ಷರ, ಆರನೆಯ ಅಕ್ಷರಕ್ಕೆ ಯತಿ, ಅಂದರೆ ನಿಲುಗಡೆ. ವಯಸ್ಸಾದವರು ಅಲ್ಲಿ ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಾರೆ, ಒಬ್ಬೊಬ್ಬರು ಒಂದೊಂದು ಹೊತ್ತು ನಿಲ್ಲುತ್ತಾರೆ. ಒಟ್ಟಿಗೆ ಹೇಳಿದರೆ ಫೋನಿನಲ್ಲಿ ಕಲಸಿಹೋಗುವ ಜಾಗ ಅದೇ. ಪಾಳಿಯಲ್ಲಿ ಹೇಳಿದರೆ ಆ ನಿಲುಗಡೆ ಚಂದವಾಗಿ ಕೇಳುತ್ತದೆ. ನಮ್ಮತ್ತೆಯವರ ಗುಂಪಿನಲ್ಲಿ ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂತು ಸಣ್ಣಗೆ ಹೇಳುತ್ತಿದ್ದವರೊಬ್ಬರ ಉಚ್ಚಾರ ಎಷ್ಟು ಶುದ್ಧ ಎಂದು ಉಳಿದವರಿಗೆ ತಿಳಿದದ್ದು ಹೀಗೆ. ಈಗ ಹೊಸಬರಿಗೆ ಪಾಠ ಹೇಳುವವರು ಅವರೇ.

ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಫೋನ್ ಹಿಡಿಯುವುದು ಬೇಡ. ಒಂದೇ ಜಗಲಿಯಲ್ಲಿ ಎರಡು ಫೋನ್ ತೆರೆದರೆ ಕೀಂ ಎಂದು ಕೂಗುತ್ತದೆ. ಮೂರು ಜನ ಒಂದೇ ಫೋನಿನ ಮುಂದೆ ಕೂತರೆ ಅವರಷ್ಟಕ್ಕೆ ನಿಜವಾಗಿಯೂ ಒಟ್ಟಿಗೆ ಹೇಳಬಹುದು, ಪಾಳಿಯೂ ಮೂವರದ್ದು ಒಂದೇ ಆಗುತ್ತದೆ.

ಆಪ್ ವಿಚಾರ. ವಾಟ್ಸಾಪ್ ಗುಂಪು ಕರೆಯಲ್ಲಿ 32 ಜನ ಸೇರಬಹುದು, ಫೋನ್ ತಾನಾಗಿ ರಿಂಗ್ ಆಗುತ್ತದೆ, ಲಿಂಕ್ ಒತ್ತುವ ತಾಪತ್ರಯವಿಲ್ಲ. ಚಿಕ್ಕ ಗುಂಪಿಗೆ ಅದೇ ಸಾಕು. ಝೂಮ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ಮ್ಯೂಟ್ ಮಾಡಬಹುದು, ಆದರೆ ದುಡ್ಡು ಕಟ್ಟದಿದ್ದರೆ 40 ನಿಮಿಷಕ್ಕೆ ಕರೆ ನಿಂತುಹೋಗುತ್ತದೆ. ಪೂರ್ವಪೀಠಿಕೆ, ಫಲಶ್ರುತಿ ಸೇರಿಸಿ ಲಲಿತಾ ಹೇಳಿದರೆ ಅಷ್ಟರಲ್ಲಿ ಮುಗಿಯುವುದಿಲ್ಲ. ಗೂಗಲ್ ಮೀಟ್ 60 ನಿಮಿಷ ಕೊಡುತ್ತದೆ. ಪಾರಾಯಣ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರ ಮೈಕ್ ತೆರೆದು ಮಾತಿಗೆ ಬಿಡಿ. ಯಾರ ಮನೆಯಲ್ಲಿ ಬಾಣಂತನ, ಯಾರ ಅಡಿಕೆ ತೋಟಕ್ಕೆ ಕೊಳೆರೋಗ ಬಂತು ಎಂಬುದೆಲ್ಲ ಆಗಲೇ ಬರುವುದು. ಅವರಿಗೆ ಅದೂ ಬೇಕು.

ಕಲಿಸುವಾಗ ಒಂದೇ ಗುಂಡಿ ಕಲಿಸಿ: ಮ್ಯೂಟ್ ಆದಾಗ ಅಡ್ಡಗೆರೆ ಬೀಳುವ ಮೈಕ್. ಇನ್ನುಳಿದದ್ದು ಆಮೇಲೆ. ಅಡಿಕೆ ಸುಲಿದು ಚೊಗರು ಕಟ್ಟಿ ಒರಟಾದ ಬೆರಳಿಗೆ ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ, ಬೇರೇನೋ ತೆರೆದುಕೊಳ್ಳುತ್ತದೆ, ‘ಹಾಳಾಯ್ತೇನೋ’ ಎಂದು ಹೆದರಿ ಫೋನ್ ಕೆಳಗಿಡುತ್ತಾರೆ. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡು, ಮುಟ್ಟಿ ಕೂಡಲೇ ಬಿಡಲು ಹೇಳಿ. ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ‘ಒತ್ತಿ ಹಿಡಿಯುವ’ ಅವಧಿಯನ್ನು ಹೆಚ್ಚು ಮಾಡಲೂ ಬರುತ್ತದೆ, ಊರಿಗೆ ಹೋದಾಗ ಮಾಡಿಕೊಟ್ಟು ಬನ್ನಿ. ಮಗನೋ ಸೊಸೆಯೋ ಅವಸರದಲ್ಲಿ ಹೇಳಿಕೊಟ್ಟದ್ದು ನಿಲ್ಲುವುದಿಲ್ಲ. ಮಂಡಳಿಯಲ್ಲಿ ಬೇಗ ಕಲಿತ ಒಬ್ಬರು ಉಳಿದವರಿಗೆ ಕಲಿಸಲಿ, ಅವರ ಮುಂದೆ ಇನ್ನೊಮ್ಮೆ ಕೇಳಲು ಸಂಕೋಚ ಇರುವುದಿಲ್ಲ. ಮಡಿಯಲ್ಲಿ ಫೋನ್ ಮುಟ್ಟುವುದೋ ಬೇಡವೋ ಎಂಬುದನ್ನು ಅವರವರಿಗೇ ಬಿಡಿ, ನೀವು ವಾದಕ್ಕೆ ಹೋಗಬೇಡಿ.

ಆಷಾಢದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ಹೋಗುತ್ತದೆ. ಸಿಗ್ನಲ್ ಕುಂಟತೊಡಗಿದಾಗ ಮೊದಲು ವಿಡಿಯೊ ಆಫ್ ಮಾಡಿ, ದನಿ ಉಳಿದರೆ ಸಾಕು. ಕರೆ ಪೂರ್ತಿ ಕಡಿದರೆ ಪಾಳಿ ತಪ್ಪಿದವರು ತಮ್ಮ ಶ್ಲೋಕಗಳನ್ನು ವಾಯ್ಸ್ ಮೆಸೇಜ್ ಮಾಡಿ ಗುಂಪಿಗೆ ಹಾಕಲಿ.

ಇನ್ನೊಂದನ್ನು ದಯವಿಟ್ಟು ಮರೆಯಬೇಡಿ. ವಿಡಿಯೊ ಕಾಲ್ ಕಲಿತವರಿಗೆ ವಂಚಕರ ವಿಡಿಯೊ ಕಾಲೂ ಬರುತ್ತದೆ. ಪಾರಾಯಣದ ಕರೆಯನ್ನು ಗೊತ್ತಿರುವ ಒಬ್ಬರೇ ಮಾಡಲಿ, ಲಿಂಕ್ ಗುಂಪಿನಲ್ಲಿ ಮಾತ್ರ ಬರಲಿ. ಸ್ಕ್ರೀನ್ ಶೇರ್ ಮಾಡಿ ಎಂದು ಯಾರೇ ಕೇಳಿದರೂ ಕರೆ ಕತ್ತರಿಸಲಿ. ಪೊಲೀಸರು ವಿಡಿಯೊ ಕಾಲ್‌ನಲ್ಲಿ ಯಾರನ್ನೂ ಬಂಧಿಸುವುದಿಲ್ಲ ಎಂದು ಬಿಡಿಸಿ ಹೇಳಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಅಮ್ಮನ ಸ್ತೋತ್ರದ ಪುಸ್ತಕದ ಒಳರಟ್ಟಿಗೆ ಅಂಟಿಸಿಡಿ.