ಮೊದಲನೇದು ಸಿಸೇರಿಯನ್, ಈ ಸಲ ನೋವು ಬರುವವರೆಗೂ ಮನೆಯಲ್ಲೇ ಇರಬಹುದಾ?

ತಂಗಿ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರೋಕೆ ಆಗಲಿಲ್ಲ. ಈಗ ಏಳು ತಿಂಗಳು, ಮನೆ ಮೂಡಿಗೆರೆಯಿಂದ ಆಚೆ ತೋಟದಲ್ಲಿ, ಹೊಟ್ಟೆ ಮೇಲಿನ ಗೆರೆ ಅಡ್ಡಕ್ಕಿದೆಯಲ್ಲ ಹೆದರಬೇಡ ಅಂತ ಯಾರೋ ಹೇಳಿದ್ದಾರೆ, ನೋವು ಬಂದ ಮೇಲೆ ಹೊರಟರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ.

ಹೊರಗಿನ ಗೆರೆ ಬರೀ ಚರ್ಮದ್ದು. ಒಳಗೆ ಗರ್ಭಕೋಶವನ್ನು ಎಲ್ಲಿ ಕೊಯ್ದಿದ್ದಾರೆ ಅಂತ ಅದರಿಂದ ಗೊತ್ತಾಗುವುದಿಲ್ಲ. ನನಗೆ ಆಗಿದ್ದು ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ತೆಗೆಯುವ ಆಪರೇಷನ್. ಹೊರಗೆ ಸಣ್ಣ ಅಡ್ಡ ಗೆರೆ, ಸೀರೆ ಉಟ್ಟರೆ ಕಾಣುವುದೂ ಇಲ್ಲ. ಎರಡು ವರ್ಷ ಬಿಟ್ಟು ಬಸುರಿಯಾದಾಗ ಡಾಕ್ಟರಮ್ಮ ಹಳೇ ಡಿಸ್ಚಾರ್ಜ್ ಕಾಗದ ಕೇಳಿದರು. ಬೀರುವಿನಲ್ಲಿ ಸ್ಕ್ಯಾನಿಂಗ್ ಫಿಲ್ಮು, ಔಷಧಿ ಬಿಲ್ಲು ಎಲ್ಲ ಇತ್ತು, ಆ ಕಾಗದ ಒಂದೇ ಇಲ್ಲ. ನಮ್ಮ ಮನೆಯವರು ಆ ಆಸ್ಪತ್ರೆಗೆ ಮೂರು ಸಲ ಅಲೆದು ನಕಲು ತಂದರು. ಕೊಯ್ದಿದ್ದು ಗರ್ಭಕೋಶದ ಮೇಲ್ಭಾಗದಲ್ಲಿ, ಒಳಪದರದವರೆಗೂ ಹೋಗಿದೆ ಅಂತ ಅದರಲ್ಲಿತ್ತು. ಡಾಕ್ಟರಮ್ಮ ಎರಡು ಸಲ ಓದಿ, ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ ಬರೆದು, ನೋವಿಗೆ ಕಾಯುವ ಹಾಗಿಲ್ಲ, 37 ವಾರ ತುಂಬಿದ ಮೇಲೆ ಸಿಸೇರಿಯನ್ ಅಂದರು.

ಮೇಲ್ಭಾಗ ದಪ್ಪ ಮಾಂಸ, ನೋವು ಬಂದಾಗ ಬಲವಾಗಿ ಹಿಂಡುವುದು ಅದೇ. ಸಾಮಾನ್ಯವಾಗಿ ಸಿಸೇರಿಯನ್‌ನಲ್ಲಿ ಕೆಳಗೆ ಅಡ್ಡಕ್ಕೆ ಕೊಯ್ಯುತ್ತಾರೆ. ಅಂಥವರು ನಾರ್ಮಲ್ ಹೆರಿಗೆಗೆ ಪ್ರಯತ್ನಪಟ್ಟರೆ ಸಾವಿರಕ್ಕೆ ಸುಮಾರು 5ರಿಂದ 9 ಮಂದಿಗೆ ಹಳೇ ಗಾಯ ಬಿಚ್ಚಿಕೊಳ್ಳುತ್ತದೆ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ನೂರಕ್ಕೆ 4ರಿಂದ 9, ಅದೂ ನೋವು ಶುರುವಾಗುವ ಮುಂಚೆಯೇ ಆಗಬಹುದು. ಕೆಳಗೆ ಅಡ್ಡಕ್ಕೆ ಕೊಯ್ದಿದ್ದರೆ ಅಪಾಯ ಕಡಿಮೆ, ಹಾಗಾಗಿ ಒಂದು ಸಲ ಸಿಸೇರಿಯನ್ ಆದರೆ ನಾರ್ಮಲ್ ಆಗೋದೇ ಇಲ್ಲ ಅನ್ನುವುದು ತಪ್ಪು. ತುಂಬಾ ಜನಕ್ಕೆ ಆಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೂ ಆಪರೇಷನ್ ಮಾಡುವವರು, ರಕ್ತ, ಅರಿವಳಿಕೆ ಡಾಕ್ಟರು ಎಲ್ಲ ಇರುವ ಕಡೆ ಮಾತ್ರ. ಎರಡು ಹೆರಿಗೆ ಮಧ್ಯೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರ ಇದ್ದರೆ ಅಪಾಯ ಜಾಸ್ತಿ. ನೋವು ಬರಿಸುವ ಇಂಜೆಕ್ಷನ್ನಿನಿಂದಲೂ ಜಾಸ್ತಿ. ನೋವು ಬರಿಸಲು ಕೊಡುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನಂತೂ ತಿಂಗಳು ತುಂಬಿದಾಗ ನಿಮ್ಮಂಥವರಿಗೆ ಕೊಡಲೇಬಾರದು.

ಗಾಯ ಬಿಚ್ಚುವಾಗ ಎಷ್ಟೋ ಸಲ ಮೊದಲು ಕೆಡುವುದು ಮಗುವಿನ ಎದೆಬಡಿತ. ಅದು ಆಸ್ಪತ್ರೆಯ ಮಾನಿಟರಿನಲ್ಲಿ ಗೊತ್ತಾಗುತ್ತದೆ, ಮನೆಯಲ್ಲಿ ಗೊತ್ತಾಗುವುದಿಲ್ಲ. ನೋವಿನ ಮಧ್ಯೆ ಬಿಡುವೇ ಇಲ್ಲದೆ ಹೊಟ್ಟೆ ನೋಯುವುದು, ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಂತುಬಿಡುವುದು, ರಕ್ತ ಹೋಗುವುದು, ತಲೆ ಸುತ್ತಿ ಬೆವರುವುದು, ಭುಜ ನೋಯುವುದು, ಮಗು ಅಲುಗಾಡದೇ ಇರುವುದು, ಇದರಲ್ಲಿ ಒಂದಾದರೂ ಕಂಡರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಆಮೇಲೆ ಲೆಕ್ಕ ನಿಮಿಷಗಳಲ್ಲಿ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೇ ಸುಮಾರು 30 ಕಿಲೋಮೀಟರ್, ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಏನು ಮಾಡುತ್ತೀರಿ, ಹೇಳಿ?

ನಮ್ಮದು ಸಕಲೇಶಪುರದ ಕಡೆ. 34ನೇ ವಾರಕ್ಕೇ ಹಾಸನದ ಚಿಕ್ಕಮ್ಮನ ಮನೆಗೆ ಬಂದು ಉಳಿದೆ. ಆಪರೇಷನ್ ಮಾಡುವಾಗ ಹಳೇ ಹೊಲಿಗೆಯ ಜಾಗ ಕಾಗದದ ಹಾಗೆ ತೆಳ್ಳಗಾಗಿತ್ತಂತೆ, ಡಾಕ್ಟರಮ್ಮ ಆಮೇಲೆ ಹೇಳಿದರು. ಮಗಳಿಗೆ ಈಗ ಆರು ವರ್ಷ.

ನೀವು ನಾಳೆಯೇ ನಿಮ್ಮ ಮೊದಲ ಸಿಸೇರಿಯನ್‌ನ ಡಿಸ್ಚಾರ್ಜ್ ಕಾಗದ ಹುಡುಕಿ. ಸಿಗದಿದ್ದರೆ ಆಸ್ಪತ್ರೆಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಿಯಮದಲ್ಲೇ ಇದೆ. ಅಲ್ಲೂ ಸಿಗದಿದ್ದರೆ ಮೊದಲ ಸಿಸೇರಿಯನ್ ಯಾಕೆ ಮಾಡಿದರು, ಎಷ್ಟನೇ ವಾರದಲ್ಲಿ, ಮಗು ಅಡ್ಡ ಇತ್ತಾ, ಇಷ್ಟನ್ನು ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಒಳಗೆ ಯಾವ ಕಡೆ ಕೊಯ್ದಿರಬಹುದು ಅಂತ ಅವರು ಅದರ ಮೇಲೆ ಅಂದಾಜು ಮಾಡುತ್ತಾರೆ.