ಶಾಲೆಯಿಂದ ಹಸಿದು ಬರುವ ಮಕ್ಕಳಿಗೆ ಬೇಗ ಆಗುವ, ಆರೋಗ್ಯಕ್ಕೂ ಒಳ್ಳೆಯ ತಿಂಡಿ ಯಾವುದು?

ಹಾಸನದ ನಮ್ಮ ಮನೆಯಲ್ಲಿ ಸಂಜೆ ಮೊದಲು ಕೈಗೆ ಬರುವುದು ರಾಗಿ ಹುರಿಹಿಟ್ಟಿನ ಡಬ್ಬಿ. ರಾಗಿಗೆ ನೀರು ಚಿಮುಕಿಸಿ, ಆರಿಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಹುರಿದರೆ ಅರಳುತ್ತದೆ. ಅದನ್ನು ಬೀಸಿದ ಹಿಟ್ಟು ಇದು. ಮೊದಲೇ ಹುರಿದದ್ದರಿಂದ ಮತ್ತೆ ಬೇಯಿಸಬೇಕಿಲ್ಲ. ನಾಲ್ಕು ಚಮಚ ಹಿಟ್ಟಿಗೆ ಪುಡಿ ಬೆಲ್ಲ, ಕಾಯಿತುರಿ, ಚೂರು ತುಪ್ಪ ಸೇರಿಸಿ, ಬಿಸಿ ಹಾಲು ಚಿಮುಕಿಸಿ ಉಂಡೆ ಕಟ್ಟಿ. ಹಾಲನ್ನು ಒಂದೊಂದೇ ಚಮಚ ಹಾಕಿ, ಜಾಸ್ತಿಯಾದರೆ ಕೈಗೆ ಅಂಟುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳೆಯುವ ಮೂಳೆಗೆ ಅದು ಬೇಕೇ ಬೇಕು ಅಲ್ವಾ.

ಸಿಹಿ ಬೇಡ ಅನ್ನುವವರಿಗೆ ಹೆಸರುಕಾಳು ಉಸ್ಲಿ. ಬೆಳಿಗ್ಗೆ ನೆನೆಹಾಕಿದರೆ ಸಂಜೆ ಕುಕ್ಕರ್ ಒಂದು ಕೂಗು ಕೂಗಿದರೆ ಸಾಕು. ಒಗ್ಗರಣೆ ಕೊಟ್ಟು ಕೊನೆಗೆ ನಿಂಬೆಹಣ್ಣು ಹಿಂಡಿ. ಅದರ ವಿಟಮಿನ್ ಸಿ ಇದ್ದರೆ ಕಾಳಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಚಳಿಗಾಲದಲ್ಲಿ ಸೊಗಡವರೆ ಬಂದಾಗ ಕಾಯಿಯನ್ನೇ ಉಪ್ಪು ಹಾಕಿ ಬೇಯಿಸಿ ಕೊಡಿ. ಸುಲಿದು ಸುಲಿದು ತಿನ್ನುವುದು ಮಕ್ಕಳಿಗೆ ತುಂಬಾ ಖುಷಿ.

ಒಂದು ಎಚ್ಚರಿಕೆ: ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಹುರಿದು ಪುಡಿ ಮಾಡಿ ಬೆಲ್ಲದ ಜೊತೆ ಕೊಡಿ.