ಉಂಗುರ ನಿಜವೋ, ಲೆಕ್ಕದ ನೆರಳೋ?

ಪ್ರಶ್ನೆ: ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತ ದೂಳಿನ ತಟ್ಟೆ, ಅದರಲ್ಲಿ ಕಪ್ಪು ಉಂಗುರಗಳು ಇರುವ ಚಿತ್ರ ನೋಡಿದೆ. ಅದು ಫೋಟೋ ಅಲ್ಲ, ಕಂಪ್ಯೂಟರ್ ಕಟ್ಟಿದ್ದು ಅಂತಾರೆ. ಹಾಗಾದರೆ ಉಂಗುರಗಳನ್ನು ನಂಬುವುದು ಹೇಗೆ?

ಉತ್ತರ: ಕಟ್ಟಿದ್ದು ಹೌದು, ಆದರೆ ಅಳತೆಗಳಿಂದ ಕಟ್ಟಿದ್ದು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ 5,000 ಮೀಟರ್ ಎತ್ತರದಲ್ಲಿರುವ ಆಲ್ಮಾ ಎಂಬ ರೇಡಿಯೋ ದೂರದರ್ಶಕದ ಆಂಟೆನಾಗಳನ್ನು ಸುಮಾರು 15 ಕಿ.ಮೀ.ವರೆಗೆ ಹರಡಿ 2014ರಲ್ಲಿ ಈ ಅಳತೆ ಮಾಡಿದರು. ಆಂಟೆನಾಗಳು ಜೋಡಿಜೋಡಿಯಾಗಿ ಅಳೆಯುತ್ತವೆ. 40 ಆಂಟೆನಾ ಇದ್ದರೆ 780 ಜೋಡಿ. ದೂರದ ಜೋಡಿಗೆ ಸಣ್ಣ ವಿವರ ಸಿಗುತ್ತದೆ, ಹತ್ತಿರದ ಜೋಡಿಗೆ ದೊಡ್ಡ ಹರವು. 1.3 ಮಿ.ಮೀ. ತರಂಗಾಂತರಕ್ಕೆ 15 ಕಿ.ಮೀ. ಅಂತರವಿದ್ದರೆ ಕಾಣುವ ಅತಿ ಸಣ್ಣ ವಿವರ ಸುಮಾರು 0.018 ಆರ್ಕ್‌ಸೆಕೆಂಡ್. (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ರಲ್ಲೊಂದು ಭಾಗ.) ಆ ನಕ್ಷತ್ರವಿರುವ 450 ಜ್ಯೋತಿರ್ವರ್ಷ ದೂರದಲ್ಲಿ ಅದು ಭೂಮಿ–ಸೂರ್ಯರ ಅಂತರದ ಎರಡೂವರೆ ಪಟ್ಟು.

ನಿಮ್ಮ ಅನುಮಾನಕ್ಕೆ ಗಟ್ಟಿ ಕಾರಣವಿದೆ. ಆಂಟೆನಾಗಳ ನಡುವಿನ ಜಾಗವೆಲ್ಲ ಖಾಲಿ. ಆ ಕೊರತೆಯಿಂದಾಗಿ ಪ್ರತಿ ಹೊಳೆಯುವ ಚುಕ್ಕೆಯ ಸುತ್ತಲೂ ಮಸುಕು ಅಲೆಗಳು ಮೂಡುತ್ತವೆ. ಅವನ್ನು ತೆಗೆಯುವ ವಿಧಾನಕ್ಕೆ ‘ಕ್ಲೀನ್’ ಎಂದೇ ಹೆಸರು: ಅತಿ ಪ್ರಕಾಶದ ಚುಕ್ಕೆ ಹುಡುಕಿ, ಅದರ ಒಂದಂಶವನ್ನು (ಸಾಮಾನ್ಯವಾಗಿ 10%) ಅಲೆಗಳ ಸಮೇತ ಕಳೆದು, ಮತ್ತೆ ಹುಡುಕಿ, ಮತ್ತೆ ಕಳೆಯುವುದು, ಹೀಗೆ ಸಾವಿರಾರು ಸುತ್ತು. ಬೇಗ ನಿಲ್ಲಿಸಿದರೆ ಸುಳ್ಳು ಅಲೆ ಉಳಿಯುತ್ತದೆ. ಅತಿಯಾಗಿ ಮುಂದುವರಿಸಿದರೆ ಬರೀ ಗದ್ದಲವೇ ಚುಕ್ಕೆಯಾಗಿಬಿಡುತ್ತದೆ. ಹತ್ತಿರದ ಜೋಡಿಗಳು ಸಾಲದಿದ್ದರಂತೂ ತಟ್ಟೆಯ ನುಣುಪಾದ ಬೆಳಕೇ ಕಳೆದುಹೋಗಿ, ಕಪ್ಪು ಉಂಗುರ ಇದ್ದದ್ದಕ್ಕಿಂತ ಆಳವಾಗಿ ಕಾಣುತ್ತದೆ. ಅದಕ್ಕೇ ಆಂಟೆನಾಗಳನ್ನು ಒತ್ತಾಗಿಟ್ಟು ಅಳೆದ ದತ್ತಾಂಶವನ್ನೂ ಸೇರಿಸಬೇಕು. ಗಾಳಿಯಲ್ಲಿನ ನೀರಾವಿ ಬೇರೆ ತರಹದ ಕಾಟ: ನಕ್ಷತ್ರದ ಕಡೆಯಿಂದ ಬರುವ ರೇಡಿಯೋ ತರಂಗಗಳನ್ನು ತಡಮಾಡಿಸಿ ವಿವರವನ್ನು ಕಲಸುತ್ತದೆ. ಹೀಗಾಗಿ ಆಗಾಗ ಆಕಾಶದಲ್ಲಿ ಪಕ್ಕಕ್ಕೆ ಕಾಣುವ ಕ್ವೇಸಾರ್ (ಬಹುದೂರದ, ಚುಕ್ಕೆಯಂತೆ ಹೊಳೆಯುವ ಗ್ಯಾಲಕ್ಸಿ ಕೇಂದ್ರ) ಕಡೆ ತಿರುಗಿ ತಿದ್ದುಪಡಿ ಮಾಡಿಕೊಳ್ಳುತ್ತಾರೆ.

ಪರೀಕ್ಷೆ ಮಾಡುವುದು ತರಂಗಾಂತರ ಬದಲಿಸಿ. ಆಂಟೆನಾಗಳಿಂದ ಹುಟ್ಟಿದ ಅಲೆ ತರಂಗಾಂತರದ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ನಿಜವಾದ ಉಂಗುರ ಇದ್ದಲ್ಲೇ ಇರುತ್ತದೆ. ಎಚ್‌ಎಲ್ ಟೌರಿಯ ಉಂಗುರಗಳು 0.87, 1.3, 2.9 ಮಿ.ಮೀ. ಮೂರರಲ್ಲೂ ಕಂಡವು. ಚಿತ್ರ ಕಟ್ಟುವ ಮೊದಲೇ ಇನ್ನೊಂದು ಸಾಕ್ಷಿಯಿದೆ: ಜೋಡಿಗಳ ಅಂತರ ಹೆಚ್ಚಿದಂತೆ ಸಂಕೇತದ ಬಲ ಹೇಗೆ ಬದಲಾಗುತ್ತದೆಂದು ಗೆರೆ ಎಳೆದರೆ, ಉಂಗುರವಿರುವ ತಟ್ಟೆಯ ಗೆರೆ ಏರಿಳಿಯುತ್ತದೆ. ನನಗೆ ಚಿತ್ರಕ್ಕಿಂತ ಈ ಗೆರೆಯ ಮೇಲೇ ಹೆಚ್ಚು ಭರವಸೆ.

ಪ್ರಶ್ನೆ: ಅದೇ ತಟ್ಟೆ ಅವಕೆಂಪು ಚಿತ್ರದಲ್ಲಿ ಬೇರೆಯೇ ಆಗಿ ಕಾಣುವುದೇಕೆ? ಕಪ್ಪು ಉಂಗುರವೆಂದರೆ ಅಲ್ಲಿ ಗ್ರಹ ಇದ್ದೇ ಇರುತ್ತದೆಯೇ?

ಉತ್ತರ: ಆಲ್ಮಾ ನೋಡುವುದು ತಟ್ಟೆಯ ನಡುಪದರಕ್ಕೆ ಇಳಿದ ಮಿಲಿಮೀಟರ್ ಗಾತ್ರದ ಕಣಗಳನ್ನು, ಕೆಂಪು ಬೆಳಕಿಗೆ ಹತ್ತಿರದ ಅವಕೆಂಪು ತರಂಗಗಳಲ್ಲಿ ಕಾಣುವುದು ಮೇಲ್ಮೈಯ ನವಿರು ದೂಳು ಚದುರಿಸಿದ ನಕ್ಷತ್ರದ ಬೆಳಕು. ಅಲ್ಲಿ ನಕ್ಷತ್ರದ ಪ್ರಖರತೆಯನ್ನು ಮೊದಲು ಕಳೆಯಬೇಕು. ಚಿತ್ರ ತಿರುಗಿಸಿ ಕಳೆಯುವ ವಿಧಾನ ಬಳಸಿದರೆ ನಮಗೆ ಎದುರಾಗಿರುವ ದುಂಡು ತಟ್ಟೆ ತನ್ನನ್ನೇ ತಾನು ಅಳಿಸಿಕೊಳ್ಳುತ್ತದೆ. ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕನ್ನಷ್ಟೇ ಆರಿಸುವ ವಿಧಾನ ಇಲ್ಲಿ ಮೇಲು, ಏಕೆಂದರೆ ದೂಳು ಚದುರಿಸಿದ ಬೆಳಕು ಧ್ರುವೀಕೃತವಾಗುತ್ತದೆ, ನಕ್ಷತ್ರದ ನೇರ ಬೆಳಕು ಬಹುಪಾಲು ಧ್ರುವೀಕೃತವಲ್ಲ.

ಗ್ರಹ ಇದ್ದೇ ಇರಬೇಕೆಂದಿಲ್ಲ. ಅನಿಲದ ಒತ್ತಡದ ಏರುಪೇರೂ ದೂಳನ್ನು ಉಂಗುರವಾಗಿ ಕೂಡಿಸಬಲ್ಲದು. ಆದರೆ ಪಿಡಿಎಸ್ 70 ಎಂಬ ಎಳೆಯ ನಕ್ಷತ್ರದ ತಟ್ಟೆಯ ತೆರಪಿನಲ್ಲಿ 2018ರಲ್ಲಿ ಗ್ರಹವೊಂದು ನೇರವಾಗಿ ಕಂಡಿತು, ಮರುವರ್ಷ ಎರಡನೆಯದು.